ಮೆಸೋದಿಯ ಗಿಡ್ಡ ಕುರ್ಚಿಗಳು

ಸತ್ತವರು ಮಾತಾಡುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಯುದ್ಧ ಶುರುವಾದ ದಿನದಿಂದ ನಮ್ಮ ದೇಶದಲ್ಲಿ ಸತ್ತವರಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ಅವರು ನಮ್ಮಿಂದ ಕೇಳುತ್ತಿರುವುದು ಇದನ್ನೇ, ಅವರ ಕೊನೆಯ ಆಸೆ ಇದೇ ಎಂದು ಸೂಟು ಹಾಕಿಕೊಂಡ ಯಾರೋ ಒಬ್ಬ ದಿನವೂ ಟೀವಿಯಲ್ಲಿ ಹೇಳುತ್ತಾನೆ. ಸತ್ತವರು ಎದ್ದು ಬಂದು ಅಲ್ಲಗಳೆಯುವ ಭಯ ಅವನಿಗಿಲ್ಲ. ಬದುಕಿರುವ ತಾಯಂದಿರ ಭಯವೂ ಅವನಿಗಿಲ್ಲ ಎನ್ನುವುದು ನನಗೆ ಗೊತ್ತಾದದ್ದು ನಮ್ಮ ಬ್ಲಾಕಿನ ನೆಲಮಹಡಿಯಲ್ಲಿರುವ ಮೆಸೋದಿ ಎಲ್‌ಹರಾರಳ ಮನೆಯಲ್ಲಿ.

ಮೆಸೋದಿ ಶಿಶುವಿಹಾರದ ಅಡುಗೆಯವಳು. ಅಪ್ಪ ಅಮ್ಮ ಮೊರಾಕ್ಕೋದಿಂದ ಬಂದವರು. ಸರ್ಕಾರ ಅವರನ್ನು ನೆಗೆವ್ ಮರುಭೂಮಿಯ ಅಂಚಿನಲ್ಲಿ ಇಳಿಸಿ, ಇದೇ ನಿಮ್ಮ ಊರು ಎಂದು ಹೇಳಿ ಹೋಯಿತು. ಅವಳು ಇಲ್ಲೇ ಹುಟ್ಟಿದಳು, ಇಲ್ಲೇ ಮದುವೆಯಾದಳು. ಗಂಡ ಮಖ್ಲೂಫ್ ಶಾಲೆಯ ಬಡಗಿ. ಊರಿನಲ್ಲಿ ಅವರಿಬ್ಬರ ಹೆಸರು ಗೊತ್ತಿಲ್ಲದವರಿಲ್ಲ. ಅದಕ್ಕೆ ಕಾರಣ ಕುರ್ಚಿಗಳು.

ನಮ್ಮ ಯೆಹೂದಿಗಳಲ್ಲಿ ಹೆಣ ಹೂತು ಬಂದ ಮೇಲೆ ಮನೆಯವರು ಏಳು ದಿನ ಮನೆಯಲ್ಲೇ ಕೂರುತ್ತಾರೆ. ಕನ್ನಡಿಗೆ ಬಟ್ಟೆ ಮುಚ್ಚಿ, ಎದೆಯ ಮೇಲೆ ಅಂಗಿ ಹರಿದುಕೊಂಡು, ನೆಲಕ್ಕೆ ಹತ್ತಿರವಾಗಿ, ಗಿಡ್ಡ ಕುರ್ಚಿಗಳ ಮೇಲೆ. ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಬಂದವರು ಬಾಗಿಲು ತಟ್ಟುವುದಿಲ್ಲ, ನಮಸ್ಕಾರ ಎನ್ನುವುದಿಲ್ಲ, ಸುಮ್ಮನೆ ಬಂದು ಕೂರುತ್ತಾರೆ. ದುಃಖದಲ್ಲಿರುವವರು ಬಾಯಿ ತೆರೆಯುವವರೆಗೆ ಬಂದವರು ಬಾಯಿ ತೆರೆಯುವಂತಿಲ್ಲ. ಮೊದಲ ಮಾತು ಅವರದು. ಇದು ತಲೆತಲಾಂತರದ ಕಟ್ಟಳೆ.

ಗಿಡ್ಡ ಕುರ್ಚಿ ಎಲ್ಲರ ಮನೆಯಲ್ಲಿ ಎಲ್ಲಿರುತ್ತದೆ? ಮಖ್ಲೂಫ್ ಶಾಲೆಯವರು ಎಸೆದ ಹಳೆಯ ಕುರ್ಚಿಗಳನ್ನು ತಂದು ಕಾಲು ಕೊಯ್ದು, ಉಜ್ಜಿ, ಬ್ಲಾಕಿನ ಕೆಳಗೆ ಬಾಂಬ್ ದಾಳಿಯಾದಾಗ ಅಡಗುವ ಆಸರೆಯ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ. ಯಾರ ಮನೆಯಲ್ಲಿ ಸಾವಾದರೂ ಹೊತ್ತು ತಲುಪಿಸುತ್ತಿದ್ದ. ಅವನು ಹೃದಯಾಘಾತವಾಗಿ ಸತ್ತಾಗ ಅವನ ಮನೆಯವರು ಕೂತದ್ದೂ ಅವನೇ ಕೊಯ್ದ ಕುರ್ಚಿಗಳ ಮೇಲೆ. ಆಮೇಲೆ ಆ ಕೆಲಸ ಮೆಸೋದಿಗೆ ಬಂತು.

ಅವಳು ಕುರ್ಚಿ ಇಳಿಸಿ ವಾಪಸು ಬರುವವಳಲ್ಲ. ಬಾಗಿಲಲ್ಲಿ ನಿಂತು ಬರುವವರ ನಾಲಿಗೆ ಕಾಯುತ್ತಿದ್ದಳು.

“ಇಲ್ಲಿ ಬಾ ಇಲ್ಲಿ. ಒಳಗೆ ಹೋಗಿ ಏನು ಹೇಳ್ತೀಯ?”

“ಏನಿಲ್ಲ ಮೆಸೋದಿ, ಧೈರ್ಯ ತಗೋ, ದೇವರ ಇಚ್ಛೆ ಅಂತ...”

“ದೇವರು ನಿನ್ನ ಹತ್ರ ಹೇಳಿ ಕಳಿಸಿದ್ನಾ? ನಾಲಿಗೆ ಹಲ್ಲಿನ ಹಿಂದೆ ಇಟ್ಕೊ. ಅವಳು ಮಾತಾಡಿದ್ರೆ ಮಾತಾಡು. ಇಲ್ಲಾಂದ್ರೆ ಕೂತಿದ್ದು ಎದ್ದು ಬಾ.”

“ಅಷ್ಟು ಹೊತ್ತು ಸುಮ್ನೆ ಕೂತು ಏನು ಮಾಡ್ಲಿ?”

“ಖರ್ಜೂರದ ಬಿಸ್ಕತ್ತು ಇಟ್ಟಿರ್ತಾರೆ. ಅದನ್ನ ತಿನ್ನು. ಬಾಯಿ ತುಂಬಿರುತ್ತೆ.”

ಯುದ್ಧ ಶುರುವಾದ ಆ ಅಕ್ಟೋಬರಿನ ಶನಿವಾರ ಬೆಳಿಗ್ಗೆ ಗಾಜಾದ ಕಡೆಯಿಂದ ಬಂದೂಕು ಹಿಡಿದವರು ನಮ್ಮ ಊರೊಳಗೇ ನುಗ್ಗಿ ಬೀದಿಯಲ್ಲಿ, ಮನೆಯಲ್ಲಿ, ಸಿಕ್ಕಸಿಕ್ಕವರನ್ನು ಕೊಂದರು. ಒಂದೇ ಬೀದಿಯಲ್ಲಿ ಎದುರುಬದುರು ಮನೆಗಳಲ್ಲಿ ಜನ ನೆಲಕ್ಕೆ ಕೂತರು. ಮೆಸೋದಿಯ ಕುರ್ಚಿಗಳು ಮುಗಿದುಹೋದವು. ಅವಳು ಮಖ್ಲೂಫನ ಗರಗಸ ತೆಗೆದು ತನ್ನ ಅಡುಗೆಮನೆಯ ಕುರ್ಚಿಗಳ ಕಾಲು ಕೊಯ್ಯತೊಡಗಿದಳು. ಹಿರಿಮಗ ನಿಸ್ಸೀಮ್, ಎಲೆಕ್ಟ್ರೀಷಿಯನ್, ಮೀಸಲು ಪಡೆಯ ಕರೆ ಬಂದು ಆಗಲೇ ಸಮವಸ್ತ್ರ ಹಾಕಿಕೊಂಡು ನಿಂತಿದ್ದ.

“ಇಮಾ, ಇನ್ಮೇಲೆ ನಾವು ಟೇಬಲ್ ಕೆಳಗೆ ಕೂತು ಉಣ್ಬೇಕಾ?” ಎಂದ. ನಮ್ಮಲ್ಲಿ ತಾಯಿಯನ್ನು ಕರೆಯುವುದು ಹಾಗೆಯೇ, ಇಮಾ ಎಂದು.

“ಟೇಬಲ್ಲಿನ ಕಾಲೂ ಕೊಯ್ತೀನಿ ತಗೋ. ಸರಿಹೋಗುತ್ತೆ. ಆ ಕಡೆ ಗಟ್ಟಿಯಾಗಿ ಹಿಡಿ, ಕಪರಾ.”

ಕಪರಾ ಎಂದರೆ, ನಿನಗೆ ಬರುವ ಕೇಡೆಲ್ಲ ನನಗೆ ಬರಲಿ ಎಂದು. ನಮ್ಮ ಹೆಂಗಸರು ಬ್ರೆಡ್ ಕೊಡುವಾಗ, ಉಪ್ಪು ಕೇಳುವಾಗ, ಬೈಯುವಾಗ ಕೂಡ ಹೇಳುವ ಮಾತು. ಹೇಳಿ ಹೇಳಿ ಅದರ ಅರ್ಥ ಯಾರಿಗೂ ನೆನಪಿರುವುದಿಲ್ಲ.

ನಿಸ್ಸೀಮ್ ಗಡಿಗೆ ಹೋದ. ಕಿರಿಯವನು ಲಿರಾನ್ ಆಗಷ್ಟೇ ಸೇನೆಗೆ ಸೇರಿದ್ದ; ಅವನೂ ಹೋದ. ಸೈರನ್ ಕೂಗಿದಾಗಲೆಲ್ಲ ನಾವು ಬ್ಲಾಕಿನವರು ಆಸರೆಯ ಕೋಣೆಗೆ ಓಡುತ್ತಿದ್ದೆವು. ಅಲ್ಲಿ ವಾಪಸು ಬಂದ ಗಿಡ್ಡ ಕುರ್ಚಿಗಳು ಸಾಲಾಗಿ ಇರುತ್ತಿದ್ದವು, ಅಪಶಕುನವೆಂದು ಒಬ್ಬರೂ ಕೂರುತ್ತಿರಲಿಲ್ಲ. ಮೊಣಕಾಲು ನೋವಿನ ರೂಹಮಾ ಕೂಡ, ನನ್ನ ಎದುರುಮನೆಯವಳು, ಗೋಡೆ ಹಿಡಿದು ನಿಂತೇ ಇರುತ್ತಿದ್ದಳು.

“ರಾಕೆಟ್ ಬಿದ್ದು ಸತ್ರೂ ಸರಿ, ಅದರ ಮೇಲೆ ಮಾತ್ರ ಕೂರಲ್ಲ.”

“ಸತ್ರೆ ನಿನ್ನ ಗಂಡ ಕೂರ್ತಾನೆ ಬಿಡು,” ಎಂದು ಮೆಸೋದಿ ಹೇಳಿ, ತಾನೊಬ್ಬಳೇ ಕೂತು ಬಟಾಣಿ ಸುಲಿಯುತ್ತಿದ್ದಳು.

ವಸಂತದ ಒಂದು ಮಧ್ಯಾಹ್ನ. ಯಾವುದೋ ಮನೆಯಿಂದ ವಾಪಸು ಬಂದ ಕುರ್ಚಿಗಳನ್ನು ಅವಳು ಕೆಳಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನಾನು ಬಲ್ಬ್ ಹಾಕಿಕೊಡಲು ಹೋಗಿದ್ದೆ. ಮೆಟ್ಟಿಲ ಮೇಲೆ ಸಮವಸ್ತ್ರದವರು ಬಂದು ನಿಂತರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು, ಅವಳ ಕೈಯಲ್ಲಿ ಡಾಕ್ಟರ ಚೀಲ. ಆ ಉಡುಪು, ಆ ಚೀಲ ಬಾಗಿಲಿಗೆ ಬಂದರೆ ಮಗ ಸತ್ತ ಸುದ್ದಿ ಬಂತೆಂದು ಈ ದೇಶದ ಎಲ್ಲ ತಾಯಂದಿರಿಗೂ ಗೊತ್ತು. ಮೆಸೋದಿ ಮಾತ್ರ ತಲೆ ಎತ್ತಿ ನೋಡಿ, ಬಟ್ಟೆ ಹಿಂಡಿ, ಕೇಳಿದಳು:

“ಯಾರ ಮನೆಗೆ?”

ಅವರು ಕುರ್ಚಿ ಕೇಳಲು ಬಂದಿದ್ದಾರೆ ಎಂದುಕೊಂಡಿದ್ದಳು. ಆ ಯುದ್ಧದಲ್ಲಿ ಅವಳು ಅದೆಷ್ಟು ಸಲ ಆ ಪ್ರಶ್ನೆ ಕೇಳಿದ್ದಳೋ. ಆ ಊರಿನಲ್ಲಿ, ಆ ಹೊತ್ತಿನಲ್ಲಿ, ಅಂಥ ತಪ್ಪು ಮಾಡಲು ಅವಳೊಬ್ಬಳಿಗೇ ಸಾಧ್ಯವಿತ್ತು.

ಅಧಿಕಾರಿ ಚಿಕ್ಕ ಪ್ರಾಯದವನು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಹೇಳಪ್ಪ, ಯಾರ ಮನೆಗೆ? ಎಷ್ಟು ಜನ ಕೂರೋರು?”

“ನೀವು ನಿಸ್ಸೀಮನ ತಾಯಿ ಅಲ್ವಾ?” ಎಂದಳು ಡಾಕ್ಟರಮ್ಮ.

ಮೆಸೋದಿ ಕೈಯಲ್ಲಿದ್ದ ಕುರ್ಚಿಯನ್ನು ನೋಡಿದಳು. ಅದನ್ನು ನೆಲಕ್ಕಿಟ್ಟು, ಅದರ ಮೇಲೆಯೇ ಕೂತಳು. “ಹಾಗಾದ್ರೆ ದೂರ ಹೊರೋದು ಬೇಡ,” ಎಂದಳು. ಆಮೇಲೆ ಅವಳ ಬಾಯಿಂದ ಬಂದದ್ದು ಮಾತಲ್ಲ.

ಹೂತು ಬಂದೆವು. ನೆರೆಯವರು ಬೇಯಿಸಿದ ಮೊಟ್ಟೆ, ಬೇಳೆ ತಂದು ಮೊದಲ ಊಟ ಉಣ್ಣಿಸಿದರು. ತಾಯಿ ಮಗ ಇಬ್ಬರೇ ಗಿಡ್ಡ ಕುರ್ಚಿಗಳ ಮೇಲೆ, ಮೆಸೋದಿ ಮತ್ತು ಲಿರಾನ್. ಬಾಗಿಲಲ್ಲಿ ನಾಲಿಗೆ ಕಾಯುವ ಕೆಲಸ ರೂಹಮಾ ವಹಿಸಿಕೊಂಡಳು. ಅವಳಿಗೆ ತನ್ನ ನಾಲಿಗೆಯನ್ನೇ ಕಾಯಲು ಬರುವುದಿಲ್ಲ, ಆದರೂ ನಿಂತಳು.

ಈಗ ಒಂದು ವಿಷಯ ಹೇಳಬೇಕು. ಅಣ್ಣ ಸೇನೆಯಲ್ಲಿ ಸತ್ತರೆ ತಮ್ಮನನ್ನು ಕಾದಾಡುವ ತುಕಡಿಗೆ ಸುಮ್ಮನೆ ಕಳಿಸುವಂತಿಲ್ಲ. ಹೆತ್ತವರು ಒಪ್ಪಿ ಸಹಿ ಹಾಕಬೇಕು. ತಂದೆ ಇಲ್ಲದ್ದರಿಂದ ಲಿರಾನನ ವಿಷಯದಲ್ಲಿ ಉಳಿದದ್ದು ಮೆಸೋದಿಯೊಬ್ಬಳ ಸಹಿ. ಅಣ್ಣನನ್ನು ಹೂತ ಸಂಜೆಯೇ ಲಿರಾನ್ ಹೇಳಿದ್ದ, “ನಾನು ವಾಪಸ್ ಹೋಗ್ತೀನಿ. ನನ್ನ ತುಕಡಿಯ ಹುಡುಗರು ಗಾಜಾದೊಳಗಿದ್ದಾರೆ.” ಮೆಸೋದಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ವಾರದ ಮಧ್ಯೆ ಮಂತ್ರಿ ಬಂದ. ಹೆಸರು ಬೇಡ, ನಮ್ಮ ಊರಿಗೆ ಚುನಾವಣೆಗೊಮ್ಮೆ, ಹೆಣಕ್ಕೊಮ್ಮೆ ಬರುವ ಜಾತಿ. ತಲೆಯ ಮೇಲೆ ಹೆಣೆದ ಟೋಪಿ, ಹಿಂದೆ ಕ್ಯಾಮೆರಾದವರು. ಅವನ ಸಹಾಯಕ ಒಳಗೆ ಕಣ್ಣಾಡಿಸಿ ರೂಹಮಾಳ ಕಿವಿಯಲ್ಲಿ, “ಮಂತ್ರಿಗಳಿಗೆ ಸರಿಯಾದ ಕುರ್ಚಿ ಇಲ್ವಾ?” ಎಂದು ಕೇಳಿದ.

“ಇದ್ದವು. ಅಕ್ಟೋಬರಲ್ಲಿ ಕಾಲು ಕಳ್ಕೊಂಡವು,” ಎಂದಳು ರೂಹಮಾ, ಇಡೀ ಕೋಣೆಗೆ ಕೇಳುವಂತೆ.

ಮಂತ್ರಿ ಗಿಡ್ಡ ಕುರ್ಚಿಯ ಮೇಲೆಯೇ ಕೂತ. ಮೊಣಕಾಲು ಗದ್ದಕ್ಕೆ ಬಂತು. ಅವನಿಗೆ ಕಟ್ಟಳೆ ಗೊತ್ತಿತ್ತು, ಬಾಯಿ ಮುಚ್ಚಿ ಕಾದ. ಮೆಸೋದಿ ಅವನನ್ನು ನೋಡಿದಳು. ಅವಳ ಮಗ್ಗುಲಲ್ಲಿ ಹಾಕಾಮ್ ಒಹಾಯೋನ್, ನಮ್ಮ ಪ್ರಾರ್ಥನಾಮಂದಿರದ ಹಿರಿಯ ಗುರು, ಗಡ್ಡ ನೀವುತ್ತ ಕೂತಿದ್ದ. ಕ್ಯಾಮೆರಾದವನು ಕಾಲು ಬದಲಿಸಿದ. ಮಂತ್ರಿ ಬೆವರು ಒರೆಸಿಕೊಂಡ, ಒಂದು ಬಿಸ್ಕತ್ತು ತಿಂದ. ಮೆಸೋದಿ ನೋಡುತ್ತಲೇ ಇದ್ದಳು. ದೇಶದ ಅತಿ ದೊಡ್ಡ ಬಾಯಿಯೊಂದನ್ನು ಒಬ್ಬ ಅಡುಗೆಯವಳು ತುಟಿ ಬಿಚ್ಚದೆ ಮುಚ್ಚಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಗೆದ್ದಳು ಎಂದುಕೊಂಡೆ. ನನ್ನ ಮೂರ್ಖತನ.

ಕೊನೆಗೆ ಅವನು ಎದ್ದು, ಹೋಗುವಾಗ ಎಲ್ಲರೂ ಹೇಳುವ ಮಾತು ಹೇಳಿದ: ಚೀಯೋನಿನ, ಜೆರುಸಲೇಮಿನ ದುಃಖಿಗಳ ನಡುವೆ ದೇವರು ನಿನ್ನನ್ನೂ ಸಂತೈಸಲಿ. ಹೊರಗೆ ಹೋದ. ಗೇಟಿನ ಹತ್ತಿರ ಮೈಕುಗಳು ಕಾದಿದ್ದವು.

ದುಃಖದ ಮನೆಯಲ್ಲಿ ಟೀವಿ ಹಾಕುವುದಿಲ್ಲ. ಸಂಜೆ ಲಿರಾನನ ಫೋನಿಗೆ ಅದು ಬಂತು. ಪರದೆಯಲ್ಲಿ ಮೊದಲು ಮೆಸೋದಿಯ ಮುಖ, ಸುಮ್ಮನೆ ನೋಡುತ್ತಿರುವ ಮುಖ. ಅದರ ಮೇಲೆ ಮಂತ್ರಿಯ ದನಿ: “ಆ ವೀರಮಾತೆಯ ಕಣ್ಣು ನನಗೆ ಹೇಳಿತು. ನಿಲ್ಲಿಸಬೇಡಿ, ಕೊನೆಯವರೆಗೂ ಹೋಗಿ, ನನ್ನ ಇನ್ನೊಬ್ಬ ಮಗನೂ ನಿಮ್ಮವನೇ ಎಂದು ಹೇಳಿತು.”

ಮೆಸೋದಿ ಮತ್ತೆ ಹಾಕಿಸಿಕೊಂಡು ನೋಡಿದಳು. “ನಾನು ಹೇಳ್ಲಿಲ್ಲ,” ಎಂದಳು.

“ಇಲ್ಲ ಅಂತಾನೂ ಹೇಳ್ಲಿಲ್ವಲ್ಲ ಇಮಾ,” ಎಂದ ಲಿರಾನ್.

“ಹೇಳ್ಬೇಕಾಗಿತ್ತಾ? ಮೊದಲ ಮಾತು ನನ್ನದು. ನಾನು ಕೊಡ್ಲಿಲ್ಲ. ಕೊಡದಿದ್ರೆ ಅವನಿಗೂ ಬಾಯಿಲ್ಲ.”

“ಕಟ್ಟಳೆ ಈ ಹೊಸಿಲೊಳಗೆ. ಹೊಸಿಲಾಚೆ ಅವನಿಗೆ ಬಾಯಿದೆ. ಇಡೀ ದೇಶ ನೋಡ್ತು. ಈಗ ನೀನು ಸಹಿ ಹಾಕದಿದ್ರೆ ನಾನು ಯಾವ ಮುಖ ಇಟ್ಕೊಂಡು ತಿರುಗ್ಲಿ?”

ಅವಳು ಬಾಗಿಲ ಕಡೆ ನೋಡಿದಳು. ಅಷ್ಟು ವರ್ಷ ಅವಳು ಕಾದದ್ದು ಒಳಗೆ ಬರುವ ಮಾತನ್ನು. ಹೊರಗೆ ಹೋಗುವ ಮಾತನ್ನು ಕಾಯಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನದಿಂದ ಅವಳು ಬಂದವರಿಗೆಲ್ಲ ಮೊದಲ ಮಾತಾಗಿ ಒಂದೇ ಹೇಳಿದಳು: ನಾನು ಹೇಳಲಿಲ್ಲ. ಟೀವಿಯ ಒಬ್ಬ ಹುಡುಗಿಯನ್ನು ಕೈ ಹಿಡಿದು ಕೂರಿಸಿ, ಇನ್ನೊಬ್ಬ ತಾಯಿಯ ಮನೆಗೆ ಕುರ್ಚಿ ಹೋಗುವುದು ಬೇಡ, ಆ ಶನಿವಾರ ಗಾಜಾಕ್ಕೆ ಎಳೆದೊಯ್ದು ಸೆರೆಯಲ್ಲಿಟ್ಟವರನ್ನು ಮಾತಾಡಿ ಬಿಡಿಸಿಕೊಂಡು ಬನ್ನಿ, ಸಾಕು ಮಾಡಿ ಎಂದಳು. ಹುಡುಗಿ ಅತ್ತಳು, ಚಿತ್ರ ಹಿಡಿದುಕೊಂಡು ಹೋದಳು. ಅದು ಬರಲೇ ಇಲ್ಲ. ಸುಮ್ಮನಿದ್ದ ಮೆಸೋದಿಯನ್ನು ದಿನವಿಡೀ ತೋರಿಸಿದವರು ಮಾತಾಡಿದ ಮೆಸೋದಿಯನ್ನು ಒಂದು ಸಲವೂ ತೋರಿಸಲಿಲ್ಲ. ಇದಕ್ಕೆ ನಾನು ಹೊಸ ಬೈಗುಳ ಹುಡುಕುತ್ತಿದ್ದೇನೆ. ಇರುವ ಬೈಗುಳಗಳು ಸಣ್ಣವಾಗುತ್ತವೆ.

ಏಳನೆಯ ದಿನ ಹಾಕಾಮ್ ಒಹಾಯೋನ್ ಅವಳನ್ನು ಎಬ್ಬಿಸಲು ಬಂದ. ಅದೂ ಪದ್ಧತಿ, ಯಾರಾದರೂ ಏಳಿ ಎಂದು ಹೇಳಬೇಕು.

“ಏಳೋಕೆ ಮೊದ್ಲು ಒಂದು ಕೇಳ್ಬೇಕು ಹಾಕಾಮ್. ಒಂದು ಜೀವ ಉಳಿಸೋಕೆ ಶಬ್ಬತ್ ದಿನದ ವಿಶ್ರಾಂತಿಯನ್ನೇ ಮುರೀಬಹುದು ಅಂತ ನೀವೇ ಹೇಳಿಕೊಟ್ಟಿದ್ದು.”

“ಹೌದು ಮಗಳೇ.”

“ಹಾಗಾದ್ರೆ ಒಂದು ಸಹಿ ಹಾಕದೇ ಇರಬಹುದು.”

ಮುದುಕ ನಿಟ್ಟುಸಿರಿಟ್ಟ. “ಎಲ್ಲ ತಾಯಂದಿರೂ ಹೀಗೇ ಅಂದ್ರೆ ಊರು ಕಾಯೋರು ಯಾರು? ಆ ಶನಿವಾರ ನೀನೇ ನೋಡಿದ್ದೀಯ.”

“ನೋಡಿದ್ದೀನಿ. ಮನೆ ಮನೆಗೆ ಕುರ್ಚಿ ಹೊತ್ತಿದ್ದೀನಿ. ಒಬ್ಬನನ್ನ ಕೊಟ್ಟಿದ್ದೀನಿ. ನಿಮ್ಮ ಮೊಮ್ಮಕ್ಕಳು ಎಲ್ಲಿದ್ದಾರೆ ಹಾಕಾಮ್?”

“ಓದ್ತಿದ್ದಾರೆ. ಧರ್ಮಪಾಠ.” ಧರ್ಮಪಾಠ ಓದುವವರನ್ನು ಸೇನೆ ಕರೆಯುವುದಿಲ್ಲ. ಅವನು ನೆಲ ನೋಡಿದ.

“ಓದ್ಲಿ. ಚೆನ್ನಾಗಿ ಓದ್ಲಿ. ನನ್ನ ಲಿರಾನನೂ ಇಲ್ಲೇ ಇರ್ಲಿ.”

“ಏಳು ಮೆಸೋದಿ,” ಎಂದ ಮುದುಕ, ದನಿ ಇಳಿಸಿ. ಎದ್ದಳು. ಪದ್ಧತಿಯಂತೆ ಬ್ಲಾಕಿಗೆ ಒಂದು ಸುತ್ತು ಬಂದಳು. ಸಹಿ ಹಾಕಲಿಲ್ಲ.

ಲಿರಾನ್ ಕಿರುಚಿದ, ಬಾಗಿಲು ಒದ್ದ. ಆಮೇಲೆ ಚೀಲ ತುಂಬಿಕೊಂಡು ಗೆಳೆಯನ ಮನೆಗೆ ಹೋದ. ಸೇನೆ ಅವನನ್ನು ದೂರದ ಉಗ್ರಾಣವೊಂದಕ್ಕೆ ಹಾಕಿತು; ರಜೆ ಬಂದರೆ ಗೆಳೆಯನ ಮನೆಯಲ್ಲೇ ಇಳಿದುಕೊಂಡ. ಅವನ ಹಳೆಯ ತುಕಡಿಯ ಒಬ್ಬ ಹುಡುಗ ಗಾಜಾದಲ್ಲಿ ಸತ್ತ. ಅಂದಿನಿಂದ ಅವನು ತಾಯಿಯ ಫೋನ್ ಎತ್ತಲಿಲ್ಲ. ನಾನು ಅವನನ್ನು ದೂರುವುದಿಲ್ಲ. ಗೆಳೆಯ ಸತ್ತಾಗ ದೂರದಲ್ಲಿ ಬೆಚ್ಚಗಿದ್ದವನ ನಾಚಿಕೆ ಎಂಥದೆಂದು ಅವನ ಪ್ರಾಯದವರಿಗೇ ಗೊತ್ತು. ಅವನನ್ನು ಆ ಜಾಗಕ್ಕೆ ತಂದು ನಿಲ್ಲಿಸಿದವರನ್ನು ದೂರುತ್ತೇನೆ.

ಆ ಹುಡುಗ ನಮ್ಮ ಊರಿನವನೇ. ಮೆಸೋದಿ ಕುರ್ಚಿ ಹೊತ್ತು ಅವನ ಮನೆಗೆ ಹೋದಳು. ಅವನ ಚಿಕ್ಕಪ್ಪ ಬಾಗಿಲಲ್ಲೇ ಕೈ ಅಡ್ಡ ಹಿಡಿದ. “ನಿಮ್ಮ ಕುರ್ಚಿ ನಮಗೆ ಬೇಡ. ನಿಮ್ಮ ಮಗನನ್ನ ಮಡಿಲಲ್ಲಿ ಕೂರಿಸ್ಕೊಂಡಿರಿ.” ಆ ಮನೆಯವರು ನೆಲದ ಮೇಲೆ ದಿಂಬು ಹಾಕಿಕೊಂಡು ಕೂತರು. ಅವಳು ಕುರ್ಚಿಗಳನ್ನು ಮತ್ತೆ ಹೊತ್ತು ತಂದಳು. ದಾರಿಯಲ್ಲಿ ನಾನು ಎರಡನ್ನು ಇಸಿದುಕೊಂಡೆ. ಅವಳು ಅಳಲಿಲ್ಲ.

“ಅವರು ಸರಿ,” ಎಂದಳು. “ದುಃಖದ ಮನೆಯವರು ಏನಂದ್ರೂ ಸರಿ.”

ಗಾಜಾದ ಕಡೆ ಬಾಂಬು ಬಿದ್ದಾಗ ನಮ್ಮ ಕಿಟಕಿಯ ಗಾಜು ನಡುಗುತ್ತದೆ. ಹೊಸದರಲ್ಲಿ ಲೆಕ್ಕ ಇಡುತ್ತಿದ್ದೆವು, ಈಗ ಯಾರೂ ತಲೆ ಎತ್ತುವುದಿಲ್ಲ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದಾಗ ಗಾಜು ಝಲ್ಲೆಂದಿತು. ಮೆಸೋದಿ ಆ ಕಡೆ ತಿರುಗಿ, ತನಗೆ ತಾನೇ ಎನ್ನುವಂತೆ, “ಯಾರ ಮನೆಗೆ?” ಎಂದಳು.

ರೂಹಮಾಳ ಬಟ್ಟಲು ಅರ್ಧದಲ್ಲಿ ನಿಂತಿತು. “ನಿನಗೆ ತಲೆ ಕೆಟ್ಟಿದೆ. ಅವರಿಗೋಸ್ಕರ ಕೇಳ್ತೀಯಾ? ನಮ್ಮ ಬೀದೀಲಿ ಕೊಂದಾಗ ಅವರು ಕೇಳಿದ್ರಾ?”

“ಇಲ್ಲ, ಕೇಳ್ಲಿಲ್ಲ.”

“ಮತ್ತೆ?”

“ಮತ್ತೇನಿಲ್ಲ. ಅಲ್ಲಿ ಕುರ್ಚಿ ಇಡೋಕೆ ಮನೆಯಾದ್ರೂ ಉಳಿದಿದೆಯಾ ಅಂತ.”

ರೂಹಮಾ ಎದ್ದು ಹೋದಳು. ವಾರ ಕಳೆದು ತಾನೇ ಬಂದು, ಬದನೆಕಾಯಿ ಹುರಿದದ್ದು ಕೊಟ್ಟು, ಬೈದು ಹೋದಳು. ನಮ್ಮ ಊರಿನಲ್ಲಿ ಕ್ಷಮೆ ಕೇಳುವುದು ಹಾಗೆ.

ಹೋದ ತಿಂಗಳು ಲಿರಾನ್ ಚಳಿಗಾಲದ ಬಟ್ಟೆ ತೆಗೆದುಕೊಂಡು ಹೋಗಲು ಬಂದ. ತಾಯಿ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಯೇ ಬಂದಿದ್ದ. ಅವಳಿಗೆ ಅಂದು ಜ್ವರ, ಮನೆಯಲ್ಲೇ ಇದ್ದಳು. ಬಾಗಿಲಲ್ಲಿ ಮುಖಾಮುಖಿ ನಿಂತಾಗಲೇ ಸೈರನ್ ಕೂಗಿತು. ಎಲ್ಲರೂ ಕೆಳಗೆ ಓಡಿದೆವು. ಮೆಸೋದಿ ತನ್ನ ಗಿಡ್ಡ ಕುರ್ಚಿಯ ಮೇಲೆ ಕೂತಳು. ಲಿರಾನ್ ಎದುರುಗೋಡೆಗೆ ಒರಗಿ ನಿಂತ. ಸಣ್ಣಗಾಗಿದ್ದ. ಅವಳ ತುಟಿ ಕ ಎನ್ನಲು ತೆರೆದದ್ದನ್ನು ನಾನು ನೋಡಿದೆ, ಕಪರಾದ ಕ. ಮುಚ್ಚಿಕೊಂಡಳು. ನಿಸ್ಸೀಮ್ ಸತ್ತ ಮೇಲೆ ಆ ಮಾತನ್ನು ಅವಳು ಯಾರಿಗೂ ಹೇಳಿಲ್ಲ. ಕೇಡು ತನಗೆ ಬರಲಿ ಎಂದು ಇಪ್ಪತ್ತೆಂಟು ವರ್ಷ ಬೇಡಿದ್ದಳು, ಅದು ದಾರಿ ತಪ್ಪಿ ಮಗನಿಗೆ ಬಂದಿತ್ತು.

ಮೇಲೆ ಎಲ್ಲೋ ಸ್ಫೋಟವಾಯಿತು, ಬಲ್ಬ್ ತೂಗಾಡಿತು. ಪೇರಿಸಿಟ್ಟ ಕುರ್ಚಿಗಳಲ್ಲಿ ಒಂದನ್ನು ಲಿರಾನ್ ಎಳೆದುಕೊಂಡು ತಾಯಿಯ ಪಕ್ಕ ಕೂತ. ಅಡುಗೆಮನೆಯ ಕುರ್ಚಿ ಅದು, ಅಣ್ಣ ಹಿಡಿದು ತಾಯಿ ಕೊಯ್ದದ್ದು. ರೂಹಮಾ ಏನೋ ಹೇಳಲು ಹೋದಳು. ಮೆಸೋದಿ ಕಣ್ಣಲ್ಲೇ ತಡೆದಳು. ಅವನೂ ದುಃಖದಲ್ಲಿರುವವನು. ಮೊದಲ ಮಾತು ಅವನದು.

ಕಾದಳು. ಕಾದೆವು. ಅವನು ಮೊಣಕಾಲಿನ ನಡುವೆ ತಲೆ ತಗ್ಗಿಸಿ ಕೂತೇ ಇದ್ದ. ಹೊರಗೆ ಬರಬಹುದು ಎಂಬ ಸೂಚನೆ ಬಂತು. ಅವನು ಎದ್ದು, ತಾಯಿಯ ಹೆಗಲನ್ನು ಮುಟ್ಟಿದನೋ, ದಾಟುವಾಗ ಕೈ ತಗುಲಿತೋ, ಹೊರಟುಹೋದ. ಬಟ್ಟೆಯ ಚೀಲ ಮರೆತಿದ್ದ. ಇನ್ನೂ ಒಯ್ದಿಲ್ಲ. ಬದುಕಿದ್ದಾನೆ. ಮಾತಾಡಿಲ್ಲ. ಅವನು ಕೂತ ಕುರ್ಚಿಯನ್ನು ಅವಳು ಮತ್ತೆ ಪೇರಿಸಿಲ್ಲ, ತನ್ನ ಕುರ್ಚಿಯ ಪಕ್ಕದಲ್ಲೇ ಬಿಟ್ಟಿದ್ದಾಳೆ.

ಇದನ್ನು ಓದುತ್ತಿರುವ ನಿಮ್ಮನ್ನು ಒಂದು ಕೇಳುತ್ತೇನೆ. ಕೇಳುತ್ತೇನೆ ಎಂದರೆ ಬೇಡುತ್ತಿಲ್ಲ. ನಾಳೆ ನಿಮ್ಮ ಮನೆಯ ಟೀವಿಯಲ್ಲಿ, ಯಾವ ದೇಶದವನೇ ಆಗಲಿ, ಯಾವ ಬಾವುಟದವನೇ ಆಗಲಿ, ಸತ್ತವನ ತಾಯಿ ನನಗೆ ಹೀಗೆ ಹೇಳಿದಳು ಎಂದು ಬಾಯಿ ತೆರೆದರೆ, ಅವಳ ಬಾಯಿಂದಲೇ ಕೇಳುವವರೆಗೆ ಒಂದಕ್ಷರವನ್ನೂ ನಂಬಬೇಡಿ. ಆ ದನಿಯನ್ನು ನಿಲ್ಲಿಸಿ. ಆ ತಾಯಿಯ ಮನೆ ಹುಡುಕಿಕೊಂಡು ಹೋಗಿ, ಬಾಗಿಲಿಗೆ ಅಗುಳಿ ಇರುವುದಿಲ್ಲ. ನೆಲಕ್ಕೆ ಇಳಿದು ಕೂತುಕೊಳ್ಳಿ. ಬಾಯಿ ಮುಚ್ಚಿ. ಅವಳು ಮಾತಾಡಿದ ಮೇಲೆ ಹೊಸಿಲಾಚೆ ಬಂದು, ಅವಳು ಹೇಳಿದ್ದನ್ನೇ, ಅಷ್ಟನ್ನೇ, ಜೋರಾಗಿ ಹೇಳಿ.